ಲಾಳ ಸವೆದಿಲ್ವಲ್ಲ ಅಂತ ಎಂಟು ವಾರ ತಳ್ಳಿದ್ದಕ್ಕೆ

ಹೋದ ತಿಂಗಳು ವಿ.ಸಿ. ನಾಲೆ (ವಿಶ್ವೇಶ್ವರಯ್ಯ ನಾಲೆ) ಏರಿ ಮೇಲೆ ಲಾಂಗ್ ರೈಡ್ ಹೋಗ್ತಿರ್ಬೇಕಾದ್ರೆ ಸರಿಯಾಗಿ 22ನೇ ಕಿಲೋಮೀಟರಿಗೆ ನಮ್ಮ ಗೌರಿ ತಲೆ ಎತ್ತಿ ಎತ್ತಿ ಹಾಕೋಕೆ ಶುರು ಮಾಡಿದ್ಲು. ಗೌರಿ ಅಂದ್ರೆ ನಮ್ಮ ಕುದುರೆ, ಕಾಠಿಯಾವಾಡಿ ತಳಿಯ ಮಿಕ್ಸು, ಒಂಬತ್ತು ವರ್ಷ, ಶ್ರೀರಂಗಪಟ್ಟಣದ ಹತ್ರ ನಮ್ಮ ತೋಟದಲ್ಲೇ ಇರೋದು. ಕುದುರೆ ಕುಂಟೋದು ಮೊದಲು ಕಾಲಲ್ಲಿ ಕಾಣಲ್ಲ ತಲೆಯಲ್ಲಿ ಕಾಣುತ್ತೆ, ನೋವಿರೋ ಮುಂಗಾಲು ನೆಲಕ್ಕೆ ಬಿದ್ದಾಗ ತಲೆ ಮೇಲಕ್ಕೆ ಹೋಗುತ್ತೆ, ಚೆನ್ನಾಗಿರೋ ಕಾಲು ಬಿದ್ದಾಗ ಕೆಳಕ್ಕೆ. ಇಳಿದು ಗೊರಸು ಮುಟ್ಟಿ ನೋಡಿದೆ, ಎಡಗಾಲಿಂದು ಬೆಚ್ಚಗಿತ್ತು, ಗೊರಸಿನ ಮೇಲಿರೋ ಗೆಣ್ಣಿನ ಹಿಂದೆ ಬೆರಳಿಟ್ರೆ ನಾಡಿ ಟಕ್ ಟಕ್ ಅಂತ ಬಡೀತಿತ್ತು. ಆರೋಗ್ಯವಾಗಿರೋ ಕಾಲಲ್ಲಿ ಅದು ಸಿಗೋದೇ ಕಷ್ಟ. ಆಮೇಲೇನು, ಗೆಳೆಯನಿಗೆ ಫೋನ್ ಹಾಕಿ ಗೂಡ್ಸ್ ಗಾಡಿ ತರಿಸ್ಕೊಂಡೆ, ಬರೋವರೆಗೂ ಮರದ ನೆರಳಲ್ಲಿ ಇಬ್ರೂ ನಿಂತಿದ್ವಿ, ದಾರೀಲಿ ಹೋಗೋರೆಲ್ಲ ಏನಾಯ್ತು ಏನಾಯ್ತು ಅಂತ ಕೇಳೋರು.

ತಪ್ಪು ನಂದೇ. ರೈಡಿಗೆ ಎರಡು ದಿನ ಮುಂಚೆ ಹೊಸ ಲಾಳ ಕಟ್ಟಿಸೋ ಹೊತ್ತಿಗೆ ಹಳೇದಕ್ಕೆ ಎಂಟು ವಾರ ಆಗಿತ್ತು. ಐದನೇ ವಾರಕ್ಕೇ ಲಾಳ ಕಟ್ಟೋ ಚಾಚಾ ಫೋನ್ ಮಾಡಿ ಕರ್ಕೊಂಬನ್ನಿ ಗೌಡ್ರೆ ಅಂದಿದ್ರು, ನಾನು ಕಾಲೆತ್ತಿ ನೋಡಿದೆ, ಕಬ್ಬಿಣ ಇನ್ನೂ ದಪ್ಪಗೇ ಇದೆ, ಯಾಕೆ ಸುಮ್ನೆ ಖರ್ಚು ಅಂತ ಬಿಟ್ಟೆ. ಇದು ಎತ್ತು ಸಾಕಿದ ಮನೆಯವರ ಬುದ್ಧಿ ಕಣ್ರೀ. ನಮ್ಮಪ್ಪನ ಕಾಲದಲ್ಲಿ ಹಳ್ಳಿಕಾರ್ ಜೋಡಿ ಇತ್ತು, ಎತ್ತಿನ ಗೊರಸು ಸೀಳು ಇರೋದ್ರಿಂದ ಕಾಲಿಗೆ ಎರಡೆರಡು ಬಿಲ್ಲೆ, ಹಗ್ಗ ಹಾಕಿ ಎತ್ತನ್ನ ಕೆಡವಿ ಕಾಲು ಕಟ್ಟಿ ಹೊಡಿಯೋರು, ಸವೆದ್ರೆ ಮತ್ತೆ ಹೊಡೆಸೋದು, ಅಷ್ಟೇ ಲೆಕ್ಕ. ಅದೇ ಲೆಕ್ಕ ಕುದುರೆಗೂ ಹಾಕ್ದೆ.

ಕುದುರೇಲಿ ನೋಡ್ಬೇಕಾಗಿರೋದು ಕಬ್ಬಿಣ ಅಲ್ಲ, ಗೊರಸು. ಅದು ನಮ್ಮ ಉಗುರಿನ ಥರ, ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೀತಾನೇ ಇರುತ್ತೆ, ಲಾಳ ಇದ್ರೆ ಕೆಳಗಡೆ ಸವೆಯೋಕೆ ದಾರಿ ಇಲ್ಲ, ಹಾಗಾಗಿ ಮುಂದಕ್ಕೆ ಚಾಚ್ಕೊಳ್ಳುತ್ತೆ. ಮುಂದೆ ಉದ್ದ ಆದಷ್ಟೂ ಹೆಜ್ಜೆ ಎತ್ತೋವಾಗ ಗೊರಸು ಮಗುಚೋದು ತಡ ಆಗುತ್ತೆ, ಕಾಲಿನ ಹಿಂಭಾಗದ ಸ್ನಾಯುರಜ್ಜುಗಳ (ಟೆಂಡನ್) ಮೇಲೆ ಎಳೆತ ಜಾಸ್ತಿ, ಹಿಮ್ಮಡಿ ಮುಂದಕ್ಕೆ ಮಲಗ್ಕೊಂಡುಬಿಡುತ್ತೆ. ಮೇಯೋ ಕುದುರೆಗಾದ್ರೆ ಏನೋ ನಡೆಯುತ್ತೆ. ದೂರ ಓಡೋ ಕುದುರೆಗೆ ನಡೆಯಲ್ಲ. ಒಂದ್ಸಲ ಕೂತ್ಕೊಂಡು ಲೆಕ್ಕ ಹಾಕಿದೆ, ಟ್ರಾಟ್‌ನಲ್ಲಿ, ಅಂದ್ರೆ ಕುದುರೆಯ ಮಧ್ಯಮ ಓಟದಲ್ಲಿ, ನಾಲ್ಕೂ ಕಾಲು ಒಂದೊಂದ್ಸಲ ಬೀಳೋ ಒಂದು ಸುತ್ತು ಹೆಜ್ಜೆಗೆ ಎರಡೂವರೆ ಮೀಟರ್ ಅಂತ ಹಿಡಿದ್ರೆ 40 ಕಿಲೋಮೀಟರಿಗೆ ಒಂದೊಂದು ಕಾಲೂ 16,000 ಸಲ ನೆಲಕ್ಕೆ ಬೀಳುತ್ತೆ. ದೊಡ್ಡ ಎಂಡ್ಯೂರೆನ್ಸ್ ರೇಸುಗಳು, ಅಂದ್ರೆ ದೂರದ ಓಟಗಳು, 160 ಕಿಲೋಮೀಟರ್, 64,000 ಸಲ! ಮೈಸೂರು ರೇಸ್ ಕೋರ್ಸ್ ಕುದುರೆ ಹುಲ್ಲಿನ ಮೇಲೆ ಒಂದೆರಡು ನಿಮಿಷ ಓಡಿ ಮುಗಿಸುತ್ತೆ, ಅದಕ್ಕೆ ಹಗುರ ಅಲ್ಯೂಮಿನಿಯಂ ಲಾಳ ಸರಿ, ನಮ್ಮ ಜಲ್ಲಿ, ಡಾಂಬರಿಗೆ ಅದು ಬೇಗ ಸವೆದು ಹೋಗುತ್ತೆ. ಅಮೆರಿಕದಲ್ಲಿ 1955ರಿಂದ ಟೆವಿಸ್ ಕಪ್ ಅಂತ ನಡೀತಿದೆ, ಸಿಯೆರಾ ನೆವಾಡಾ ಬೆಟ್ಟದಲ್ಲಿ ಒಂದೇ ದಿನಕ್ಕೆ 160 ಕಿಲೋಮೀಟರ್, ಅಲ್ಲಿ ಕಬ್ಬಿಣ ಬಿಟ್ಟು ಗೊರಸಿಗೆ ಅಂಟಿಸೋ ಬೂಟು ಹಾಕ್ಕೊಂಡು ಓಡೋ ಕುದುರೆಗಳೂ ಇವೆ. ಇಂಥ ರೇಸಲ್ಲಿ ಮಧ್ಯ ಮಧ್ಯ ಡಾಕ್ಟ್ರು ನಿಲ್ಲಿಸಿ ಎದೆಬಡಿತ ನೋಡ್ತಾರೆ, ಓಡಿಸಿ ನೋಡ್ತಾರೆ, ಸ್ವಲ್ಪ ಕುಂಟಿದ್ರೂ ಅಲ್ಲಿಗೇ ಮನೆಗೆ, ಎಷ್ಟೇ ಫಸ್ಟ್ ಇದ್ರೂ.

ಕಥೆಗೆ ಬರ್ತೀನಿ. ಎಂಟು ವಾರ ತಳ್ಳಿದೆ ಅಂದ್ನಲ್ಲ, ಅಷ್ಟೊತ್ತಿಗೆ ಹಳೇ ಮೊಳೆ ತೂತುಗಳು ಅಗಲ ಆಗಿ ಗೊರಸಿನ ಅಂಚು ಹಪ್ಪಳದ ಥರ ಉದುರ್ತಿತ್ತು. ನಾಲೆ ಪಕ್ಕದ ಜಾಗ ಬೇರೆ, ಬೆಳಗ್ಗೆ ಕಬ್ಬಿನ ಗದ್ದೆ ಕೆಸರು, ಮಧ್ಯಾಹ್ನ ಸುಡೋ ಮಣ್ಣು, ನೆನೆದು ಒಣಗಿ ನೆನೆದು ಒಣಗಿ ಮೊಳೆ ಹಿಡಿತ ಬಿಡುತ್ತೆ. ಕೊನೆಗೆ ಲಾಂಗ್ ರೈಡಿಗೆ ಎರಡು ದಿನ ಇದೆ ಅನ್ನೋವಾಗ ಚಾಚಾ ಹತ್ರ ಓಡಿದೆ. ಅವ್ರು ಕಾಲೆತ್ತಿ ನೋಡಿದವ್ರೇ "ಮೊಳೆ ಹೊಡಿಯೋಕೆ ಜಾಗನೇ ಇಲ್ಲ ಗೌಡ್ರೆ, ವಾರ ಬಿಟ್ಟು ಓಡ್ಸಿ" ಅಂದ್ರು. ಇಲ್ಲ ಚಾಚಾ ಭಾನುವಾರ ಹೋಗ್ಲೇಬೇಕು ಅಂದೆ. ಅಂಚು ಉದುರಿದ್ರಿಂದ ಮೊಳೆ ಸ್ವಲ್ಪ ಒಳಕ್ಕೇ ಹೋಗ್ಬೇಕಾಯ್ತು. ಗೊರಸಿನ ತಳದಲ್ಲಿ ಒಂದು ಬಿಳಿ ಗೆರೆ ಇರುತ್ತೆ ನೋಡಿ, ಮೊಳೆ ಅದರ ಹೊರಗಡೆನೇ ಇರ್ಬೇಕು, ಒಳಗೆಲ್ಲ ಜೀವ ಇರೋ ಮಾಂಸ. ಒಳಕ್ಕೆ ಚುಚ್ಚದೇ ಇದ್ರೂ ಪಕ್ಕದಲ್ಲಿ ಒತ್ತಿದ್ರೆ ಸಾಕು, ಮೊದಲ ದಿನ ಏನೂ ಗೊತ್ತಾಗಲ್ಲ, ಓಡ್ತಾ ಓಡ್ತಾ ನೋವು ಏರುತ್ತೆ.

ಗೌರಿ ಕುಂಟಿದ ದಿನ ಸಾಯಂಕಾಲ ಚಾಚಾನೇ ತೋಟಕ್ಕೆ ಬಂದ್ರು, ಮಂಡಿನೋವು ಇದ್ರೂ. ಬೈತಾರೆ ಅಂದ್ಕೊಂಡಿದ್ದೆ, ಒಂದು ಮಾತೂ ಆಡ್ಲಿಲ್ಲ, ಅದು ಇನ್ನೂ ಕಷ್ಟ. ಸಣ್ಣ ಸುತ್ತಿಗೇಲಿ ಒಂದೊಂದೇ ಮೊಳೆ ಮೇಲೆ ಮೆಲ್ಲಗೆ ತಟ್ಟಿದ್ರು, ಒಳಗಡೆಯ ಮೂರನೇ ಮೊಳೆಗೆ ಗೌರಿ ಕಾಲು ಎಳ್ಕೊಂಡ್ಲು. ಅದನ್ನ ಕಿತ್ತಾಗ ತುದಿ ಒದ್ದೆ ಇತ್ತು. ಲಾಳ ಪೂರ್ತಿ ಬಿಚ್ಚಿ, ತೂತಿಗೆ ಅಯೋಡಿನ್ ಬಿಟ್ಟು, ಬೆಚ್ಚಗಿನ ನೀರಿಗೆ ಎಪ್ಸಮ್ ಉಪ್ಪು ಹಾಕಿ ಬಕೆಟ್ಟಲ್ಲಿ ಕಾಲು ಇಡ್ಸಿದ್ವಿ, ಬೆಳಗ್ಗೆ ಡಾಕ್ಟ್ರನ್ನ ಕರೆಸಿ ಟೆಟನಸ್ ಇಂಜೆಕ್ಷನ್. ಕುದುರೆಗೆ ಟೆಟನಸ್ ಬಹಳ ಬೇಗ ಹಿಡಿಯುತ್ತೆ, ಗೊರಸಿನ ಗಾಯ ಅಂದ್ರೆ ಅದನ್ನ ಮಾತ್ರ ಮರೀಬೇಡಿ.

ಹನ್ನೆರಡು ದಿನ ರೆಸ್ಟು. ನಮ್ಮಪ್ಪನಿಗೆ ಪಾಪ ಅನ್ಸಿ ಆಲೆಮನೆಯಿಂದ ಬೆಲ್ಲ ತಂದು ತಿನ್ನಿಸ್ತಿದ್ರು, ಅದೊಂದು ಜಗಳ. ಕೆಲಸ ಇಲ್ದೆ ನಿಂತಿರೋ ಕುದುರೆಗೆ ಸಕ್ಕರೆ, ಕಾಳು ಜಾಸ್ತಿ ಆದ್ರೆ ಗೊರಸಿನ ಒಳಗಡೆನೇ ಊತ ಬರುತ್ತೆ, ಲ್ಯಾಮಿನೈಟಿಸ್ ಅಂತಾರೆ, ಮೊಳೆ ಗಾಯ ಅದರ ಮುಂದೆ ಏನೂ ಅಲ್ಲ. ಮಂಡ್ಯದವ್ರಿಗೆ ಬೆಲ್ಲ ಬೇಡ ಅಂತ ಹೇಳೋದು ಹೆಂಗೆ ಹೇಳಿ.

ಈಗ ಅಡಿಗೆಮನೆ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕದ ಪಕ್ಕ 35 ದಿನಕ್ಕೊಂದು ಸಲ "ಲಾಳ" ಅಂತ ಬರೆದಿದೀನಿ, ರೈಡ್ ಏನಾದ್ರೂ ಇದ್ರೆ ಹತ್ತು ದಿನ ಮುಂಚೆ. ಚಾಚಾನ ಮಗ ಬೈಕ್ ಗ್ಯಾರೇಜ್ ಹಾಕ್ಕೊಂಡಿದಾನೆ, ಈ ಕೆಲಸಕ್ಕೆ ಬರಲ್ವಂತೆ, ಹಾಗಾಗಿ ಅವ್ರು ಹೇಳಿದ ದಿನಕ್ಕೇ ನಾನು ಹೋಗ್ಬೇಕು. ಮುಂದಿನದು ಬುಧವಾರ. ಹಿಂದಿನ ದಿನ ನಾಲೇಲಿ ಮೈ ತೊಳಿಬೇಡಿ, ಕಾಲು ಒಣಗಿರ್ಲಿ ಅಂತ ಎರಡು ಸಲ ಫೋನ್ ಮಾಡಿ ಹೇಳಿದಾರೆ.