ಕಪ್ಪೆಯ ಪೆಟ್ಟಿಗೆಯೂ ಒಣಗಬೇಕು

ಮರಗಪ್ಪೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊಸಬರು ಬಂದರೆ ಮೊದಲ ವಾರ ಅವರ ಕೈಯಿಂದ ಸ್ಪ್ರೇ ಬಾಟಲಿ ಕಿತ್ತುಕೊಳ್ಳುವುದೇ ದೊಡ್ಡ ಕೆಲಸ. ಕಪ್ಪೆ ಅಂದಮೇಲೆ ನೀರು ಬೇಕು ಅಂತ ಗಂಟೆಗೊಮ್ಮೆ ಸಿಂಪಡಿಸುತ್ತಲೇ ಇರುತ್ತಾರೆ. ಹೆಚ್ಚು ಜನ ಸಾಕುವ ಕೆಂಗಣ್ಣಿನ ಮರಗಪ್ಪೆ ಮೆಕ್ಸಿಕೊದ ದಕ್ಷಿಣದಿಂದ ಪನಾಮಾ ಕಡೆಯವರೆಗಿನ ಮಳೆಕಾಡಿನದು, ನಿಜ. ಆದರೆ ಅದು ಹಗಲು ನಿದ್ದೆ ಮಾಡುವುದು ಗಾಳಿಯಾಡುವ ಎತ್ತರದಲ್ಲಿ, ಎಲೆಗೆ ಅಂಟಿಕೊಂಡು. ಮುಚ್ಚಿದ ಗಾಜಿನೊಳಗೆ ದಿನವಿಡೀ ನೀರು ತೊಟ್ಟಿಕ್ಕುತ್ತಿದ್ದರೆ ಚರ್ಮಕ್ಕೆ ಬ್ಯಾಕ್ಟೀರಿಯಾ ಹತ್ತುತ್ತದೆ. ಇದರ ಪಾದ ಮೊದಲೇ ಕಿತ್ತಳೆ ಬಣ್ಣದ್ದು, ಹಾಗಾಗಿ ಸೋಂಕಿನ ಕೆಂಪನ್ನು ಬಿಳಿ ಹೊಟ್ಟೆಯ ಮೇಲೆ ಹುಡುಕಬೇಕು.

ಮೂರು ಕಪ್ಪೆಗೆ 45 ಸೆಂ.ಮೀ. ಉದ್ದ, ಅಷ್ಟೇ ಅಗಲ, 60 ಸೆಂ.ಮೀ. ಎತ್ತರದ ಪೆಟ್ಟಿಗೆ ಸಾಕು. ಮೇಲೆ ಜಾಲರಿ, ಮುಂಭಾಗದ ಕೆಳಗೆ ಗಾಳಿಕಿಂಡಿ ಎರಡೂ ಇರಲಿ. ಒಂದೇ ಇದ್ದರೆ ಗಾಳಿ ಹಾಯುವುದಿಲ್ಲ. ದೀಪ ಆರಿದಮೇಲೆ ಚೆನ್ನಾಗಿ ಒಮ್ಮೆ, ಬೆಳಗಿನ ಜಾವ ಹಗುರಾಗಿ ಒಮ್ಮೆ ಸಿಂಪಡಿಸಿ. ತೇವಾಂಶ ರಾತ್ರಿ ಶೇ 80–90ಕ್ಕೆ ಏರಿ, ಮಧ್ಯಾಹ್ನ 50–60ಕ್ಕೆ ಇಳಿಯಬೇಕು. ಮೀಟರಿಗಿಂತ ಬೆರಳು ವಾಸಿ: ಮಧ್ಯಾಹ್ನ ಮೇಲಿನ ಎಲೆ ಮುಟ್ಟಿ ನೋಡಿ, ಒಣಗಿರಬೇಕು. ಆ ಹೊತ್ತಿಗೂ ಗಾಜಿನ ಮೇಲೆ ಹನಿ ನಿಂತಿದ್ದರೆ ಸಿಂಪಡಣೆ ಕಡಿಮೆ ಮಾಡುವ ಮೊದಲು ಗಾಳಿಕಿಂಡಿ ನೋಡಿ, ಎಷ್ಟೋ ಸಲ ಪಾಚಿಯೋ ಮಣ್ಣೋ ಅಲ್ಲಿ ಕಟ್ಟಿಕೊಂಡಿರುತ್ತದೆ. ತಾಪಮಾನ ಹಗಲು 24–28 ಡಿಗ್ರಿ, ರಾತ್ರಿ 20–22. ಮೂವತ್ತು ದಾಟಲು ಬಿಡಬೇಡಿ.

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯಡಿಯ ಚರ್ಮದಿಂದ ಹೀರುತ್ತದೆ. ಹಾಗಾಗಿ ಬಟ್ಟಲಿನ ನೀರಿನಲ್ಲಿ ಏನಿದೆಯೋ ಅದೆಲ್ಲ ಒಳಗೇ ಹೋಗುತ್ತದೆ. ನಲ್ಲಿ ನೀರಿನ ಕ್ಲೋರಿನ್ 24 ಗಂಟೆ ತೆರೆದಿಟ್ಟರೆ ಹಾರಿಹೋಗುತ್ತದೆ, ಕೆಲವೆಡೆ ಅದರ ಬದಲು ಹಾಕುವ ಕ್ಲೋರಮೈನ್ ಹೋಗುವುದಿಲ್ಲ. ಅದಕ್ಕೆ ಅಕ್ವೇರಿಯಂ ಅಂಗಡಿಯ ನೀರು ಶುದ್ಧಿಯ ಕಂಡೀಷನರ್ ಹಾಕಲೇಬೇಕು. ಕಪ್ಪೆಯನ್ನು ಮುಟ್ಟಬೇಕಾದಾಗ ಪೌಡರ್ ಇಲ್ಲದ ಗ್ಲೌಸ್ ಹಾಕಿಕೊಂಡು, ಅದನ್ನೂ ಇದೇ ನೀರಿನಲ್ಲಿ ಒದ್ದೆ ಮಾಡಿಕೊಳ್ಳಿ.

ಊಟಕ್ಕೆ ಬಲಿತ ಕಪ್ಪೆಗೆ ವಾರಕ್ಕೆ ಮೂರು ರಾತ್ರಿ, ತಲಾ 4–6 ಕ್ರಿಕೆಟ್ ಹುಳು. ಮರಿಗಳಿಗಾದರೆ ಅವುಗಳ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ಉದ್ದದ ಹುಳು ಬೇಡ. ಹುಳುಗಳನ್ನು ಕ್ಯಾಲ್ಸಿಯಂ-ಡಿ3 ಪುಡಿಯ ಚೀಲದಲ್ಲಿ ಅಲುಗಿಸಿ ಬಿಡುವುದು ಎಲ್ಲರಿಗೂ ಗೊತ್ತು, ಮರೆಯುವುದು ವಿಟಮಿನ್ ಎ. ಕಪ್ಪೆ ಹುಳುವಿನತ್ತ ಸರಿಯಾಗಿ ಗುರಿಯಿಟ್ಟು ಎಗರುತ್ತದೆ, ಬಾಯಿ ತೆರೆಯುತ್ತದೆ, ಹುಳು ಮಾತ್ರ ಅಂಟುವುದಿಲ್ಲ. ಮತ್ತೆ ಎಗರುತ್ತದೆ, ಮತ್ತೆ ಖಾಲಿ. ನೋಡುವವರು ಕಣ್ಣು ಮಂದವಾಗಿದೆ ಅಂದುಕೊಳ್ಳುತ್ತಾರೆ. ಕೆಟ್ಟಿರುವುದು ನಾಲಿಗೆ: ಎ ಕೊರತೆಯಿಂದ ಅಂಟು ಒಸರುವ ಪದರ ಒಣಗಿರುತ್ತದೆ. ಡಬ್ಬಿಯ ಮೇಲೆ ಬರೀ ಬೀಟಾ ಕ್ಯಾರೋಟಿನ್ ಅಂತಿದ್ದರೆ ನಂಬಬೇಡಿ, ಕಪ್ಪೆಯ ದೇಹ ಅದನ್ನು ವಿಟಮಿನ್ ಎ ಆಗಿ ಸರಿಯಾಗಿ ಬದಲಿಸಿಕೊಳ್ಳದು. ರೆಟಿನಾಲ್, ಅಂದರೆ ನೇರ ವಿಟಮಿನ್ ಎ ಇರುವ ಪುಡಿಯೇ ಬೇಕು. ಆದರೆ ಅತಿಯಾದರೆ ಅದೂ ವಿಷ, ಪ್ರಮಾಣವನ್ನು ವೈದ್ಯರಲ್ಲೇ ಕೇಳಿ. ಬೆಳಗ್ಗೆ ಉಳಿದ ಹುಳುಗಳನ್ನು ತೆಗೆದುಬಿಡಿ, ಮಲಗಿದ ಕಪ್ಪೆಯನ್ನು ಅವು ಕಚ್ಚುತ್ತವೆ.

ಹಗಲಲ್ಲಿ ಆರೋಗ್ಯವಂತ ಕಪ್ಪೆ ಕಾಲು ಮಡಚಿ, ಕಣ್ಣು ಮುಚ್ಚಿ, ಎಲೆಯ ಮೇಲಿನ ಹಸಿರು ಗಂಟಿನಂತೆ ಕಾಣುತ್ತದೆ. ಮೈ ಕಂದು ತಿರುಗಿ, ಕಣ್ಣು ಬಿಟ್ಟುಕೊಂಡು ನೆಲದಲ್ಲಿ ಕೂತಿದ್ದರೆ ಅವತ್ತೇ ಬೇರೆ ಮಾಡಿ.

ಈ ಕುಲ 2010ರಿಂದ ಸೈಟಿಸ್‌ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ, ಹಾಗಾಗಿ ಕಾಗದಪತ್ರವಿಲ್ಲದ ಕಪ್ಪೆ ಎಷ್ಟೇ ಅಗ್ಗವಾದರೂ ಬೇಡ. ಹೊಸದಾಗಿ ಬಂದದ್ದು 90 ದಿನ ಒದ್ದೆ ಟಿಶ್ಯೂ ಹಾಸಿದ ಬರಿಯ ಪೆಟ್ಟಿಗೆಯಲ್ಲಿರಲಿ. ಚರ್ಮದ ಸ್ವಾಬ್ ತೆಗೆದು ಕಪ್ಪೆಗಳ ಚರ್ಮಕ್ಕೆ ಹತ್ತಿ ಕೊಲ್ಲಬಲ್ಲ ಕೈಟ್ರಿಡ್ ಶಿಲೀಂಧ್ರಕ್ಕೆ ಪಿಸಿಆರ್ ಪರೀಕ್ಷೆ ಮಾಡಿಸಿ. ಹೊಸ ಕಪ್ಪೆಯ ಚಿಮುಟ, ಬಟ್ಟಲು ಬೇರೆಯೇ ಇರಲಿ, ಅದನ್ನು ನೋಡಿಕೊಳ್ಳುವ ಸರದಿ ಉಳಿದೆಲ್ಲ ಪೆಟ್ಟಿಗೆ ಮುಗಿದಮೇಲೆ ಬರಲಿ. ಅದನ್ನು ಮುಟ್ಟಿದ ಕೈ ಅವತ್ತು ಮತ್ತೆ ಬೇರೆ ಪೆಟ್ಟಿಗೆಯೊಳಗೆ ಹೋಗುವಂತಿಲ್ಲ.