ಗೊಂಬೆಮನೆಯ ಬೆಳಕಿನ ಲೆಕ್ಕ

ಗೊಂಬೆಮನೆಗೆ ವಿದ್ಯುದ್ದೀಪ ಹಾಕಬೇಕೆನ್ನುವವರು ಗೋಡೆಗಳನ್ನು ಅಂಟಿಸುವ ಮೊದಲೇ ತಂತಿಯ ದಾರಿಯನ್ನು ತೀರ್ಮಾನಿಸಿಕೊಳ್ಳಬೇಕು. ಅಣ್ಣನ ಮಗಳಿಗೆಂದು ನಾನು ಕೈಗೆತ್ತಿಕೊಂಡ ಎರಡಂತಸ್ತಿನ ಮನೆಯ 6 ಮಿಲಿಮೀಟರ್ ಪ್ಲೈವುಡ್ ಹಲಗೆಗಳು ಡೊಂಬಿವಲಿಯ ನಮ್ಮ ಊಟದ ಮೇಜಿನ ಮೇಲೆ ಇನ್ನೂ ಬಿಡಿಬಿಡಿಯಾಗಿ ಹರಡಿಕೊಂಡಿದ್ದಾಗ, ಪಕ್ಕದ ಮನೆಯ ರಾಯರು ಬಂದು ನನ್ನ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಕುಂದಾಪುರದ ಕಡೆಯಿಂದ ಬಂದ ಅವರು ಇಡೀ ಉದ್ಯೋಗಜೀವನವನ್ನು ಮುಂಬಯಿಯ ಹೋಟೆಲುಗಳ ವೈರಿಂಗ್ ಕೆಲಸದಲ್ಲಿ ಕಳೆದವರು. ನಾನು ಪ್ರತಿ ಕೋಣೆಯಲ್ಲೂ ದೀಪದ ಗುರುತು ಹಾಕಿದ್ದೆ. ಅವರು ಅದನ್ನು ಬದಿಗಿಟ್ಟು, "ದೀಪ ಎಲ್ಲಿ ಅಂತ ಆಮೇಲೆ ನೋಡುವ ಮಾರಾಯ್ತಿ. ಸ್ವಿಚ್ ಎಲ್ಲಿ, ಕರೆಂಟ್ ಒಳಗೆ ಬರುವುದು ಎಲ್ಲಿಂದ, ಅದನ್ನು ಮೊದಲು ಹೇಳು" ಎಂದರು.

ಅವರ ಮೊದಲ ಷರತ್ತು, 230 ವೋಲ್ಟಿನ ಮನೆಯ ಕರೆಂಟು ಆಟದ ಮನೆಯೊಳಗೆ ಕಾಲಿಡಕೂಡದು ಎಂಬುದಾಗಿತ್ತು. ಗೋಡೆಯ ಪ್ಲಗ್ಗಿನಲ್ಲಿ 12 ವೋಲ್ಟಿನ ಅಡಾಪ್ಟರ್ ಇರಬೇಕು, ಅದರ ತೆಳುವಾದ ವೈರು ಮಾತ್ರ ಗೊಂಬೆಮನೆಯ ಹಿಂಬದಿಗೆ ಬರಬೇಕು. ಎರಡನೆಯದು ಫ್ಯೂಸು. ಎಲ್ಲ ದೀಪಗಳೂ ಸೇರಿ 100 ಮಿಲಿಆಂಪಿಯರ್ ಕೂಡ ಎಳೆಯದ ಮನೆಗೆ ಫ್ಯೂಸೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಅಡಾಪ್ಟರು 1 ಆಂಪಿಯರ್, ಅಂದರೆ 1000 ಮಿಲಿಆಂಪಿಯರ್ ಕೊಡಬಲ್ಲದ್ದು. ಕಾಗದ ಅಂಟಿಸಿದ ಗೋಡೆಯೊಳಗೆ ಎರಡು ತಂತಿಗಳು ಒಂದನ್ನೊಂದು ಮುಟ್ಟಿದರೆ ಅಷ್ಟೂ ಕರೆಂಟು ಆ ಒಂದೇ ಜಾಗದಲ್ಲಿ ಹರಿದು ಬಿಸಿಯೇರಿಸುತ್ತದೆ. ಹಾಗಾಗಿ 250 ಮಿಲಿಆಂಪಿಯರ್‌ನ ಗಾಜಿನ ಫ್ಯೂಸನ್ನು ಮನೆಯ ಹೆಬ್ಬಾಗಿಲಿಗಿಂತ ಮೊದಲೇ ಕೂರಿಸಿದೆವು. ಮಕ್ಕಳು ಮುಟ್ಟುವ ವಸ್ತುವಿನಲ್ಲಿ ಇದು ಅತಿಯಾದ ಎಚ್ಚರಿಕೆ ಎಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಸಾಮಾನಿಗಾಗಿ ಶನಿವಾರ ದಾದರಿನಲ್ಲಿ ರೈಲು ಬದಲಿಸಿ ಗ್ರಾಂಟ್ ರೋಡಿಗೆ ಹೋದೆ. ದಾಖಲೆಯಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗವಾಗಿದ್ದರೂ ಎಲ್ಲರ ಬಾಯಲ್ಲೂ ಲ್ಯಾಮಿಂಗ್ಟನ್ ರೋಡ್ ಆಗಿಯೇ ಉಳಿದಿರುವ ಆ ಬೀದಿಯಲ್ಲಿ, ಸಾಸಿವೆಗಿಂತ ತುಸು ದೊಡ್ಡದಾದ ಎಲ್ಇಡಿಯಿಂದ ಹಿಡಿದು ಅಂಗೈಯಗಲದ ಟ್ರಾನ್ಸ್‌ಫಾರ್ಮರಿನವರೆಗೆ ಎಲ್ಲವೂ ದೊರೆಯುತ್ತದೆ. ನಾನು ಕೊಂಡದ್ದು ಹಳದಿ ಛಾಯೆಯ ವಾರ್ಮ್ ವೈಟ್ ಎಲ್ಇಡಿಗಳು, ಕರೆಂಟಿನ ಹರಿವನ್ನು ತಗ್ಗಿಸುವ ಕಾಲು ವ್ಯಾಟಿನ ರೆಸಿಸ್ಟರುಗಳು, ಅಂಟಿರುವ ತಾಮ್ರದ ಟೇಪು, ಮೂರು ಕಾಲಿನ ಪುಟ್ಟ ಸ್ಲೈಡ್ ಸ್ವಿಚ್ಚುಗಳು.

ನಿಜವಾದ ಯೋಚನೆಯನ್ನು ಬೇಡಿದ್ದು ಬೆಳಕಿನ ಪ್ರಮಾಣ. ನಮ್ಮ ಗೊಂಬೆಮನೆಯ ಅಳತೆ ಒಂದು ಅಡಿಗೆ ಒಂದು ಇಂಚು. ಅಂದರೆ ಹತ್ತಡಿ ಚೌಕದ ಕೋಣೆ ಹತ್ತಿಂಚು ಚೌಕವಾಗುತ್ತದೆ. ಉದ್ದ 12 ಪಟ್ಟು ಕುಗ್ಗಿದರೆ ನೆಲದ ವಿಸ್ತಾರ 144 ಪಟ್ಟು ಕುಗ್ಗುತ್ತದೆ. ನಮ್ಮ ಪಡಸಾಲೆಯ 9 ವ್ಯಾಟಿನ ಎಲ್ಇಡಿ ಬಲ್ಬು ಸುಮಾರು 850 ಲುಮೆನ್ ಬೆಳಕು ಕೊಡುತ್ತದೆಂದು ಹಿಡಿದರೆ, ಅದೇ ಕಳೆ ಗೊಂಬೆಯ ಪಡಸಾಲೆಗೆ ಬರಲು 6 ಲುಮೆನ್ ಸಾಕು. ಈ ಲೆಕ್ಕ ಕಾಗದದ ಮೇಲೆ ಮೂಡಿದಾಗ ನನಗಾದ ಸಂತೋಷವನ್ನು ಹೇಳಲಾರೆ. ಪೀಠೋಪಕರಣವನ್ನೂ ಮೆಟ್ಟಿಲನ್ನೂ ಅಳತೆಗೆ ತಕ್ಕಂತೆ ಕುಗ್ಗಿಸುವ ನಾವು ಬೆಳಕನ್ನು ಮಾತ್ರ ಹಾಗೆಯೇ ಬಿಟ್ಟುಬಿಡುತ್ತೇವೆ. ಅಂಗಡಿಯಲ್ಲಿ ಕಾಣುವ ಎಷ್ಟೋ ಗೊಂಬೆಮನೆಗಳು ದೀಪ ಹೊತ್ತಿದೊಡನೆ ಪೆಟ್ಟಿಗೆಯಂತೆ ತೋರುವುದಕ್ಕೆ ಇದೇ ಕಾರಣವೆಂದು ನಾನು ನಂಬಿದ್ದೇನೆ.

ಭಾನುವಾರ ಪೂರ್ತಿ ರೆಸಿಸ್ಟರುಗಳ ಪರೀಕ್ಷೆಗೆ ಹೋಯಿತು. ಬಿಳಿಯ ಎಲ್ಇಡಿ ಸುಮಾರು 3 ವೋಲ್ಟನ್ನು ತಾನು ಇಟ್ಟುಕೊಳ್ಳುತ್ತದೆ, ಉಳಿದ 9 ವೋಲ್ಟನ್ನು ರೆಸಿಸ್ಟರು ತಡೆಯಬೇಕು. 1 ಕಿಲೋಓಮ್ ಹಾಕಿದರೆ 9 ಮಿಲಿಆಂಪಿಯರ್, 2.2 ಹಾಕಿದರೆ 4, 4.7 ಹಾಕಿದರೆ 2ಕ್ಕಿಂತ ತುಸು ಕಡಿಮೆ ಹರಿಯುತ್ತದೆ. ಕಿಟಕಿಯ ಪರದೆ ಎಳೆದು, ಹಲಗೆಗಳನ್ನು ರಬ್ಬರ್ ಬ್ಯಾಂಡಿನಿಂದ ಕೋಣೆಯ ಆಕಾರಕ್ಕೆ ನಿಲ್ಲಿಸಿ, ಒಂದೊಂದನ್ನೂ ಬದಲಿಸಿ ನೋಡಿದೆ. ಅಡುಗೆಮನೆಗೆ 1 ಕಿಲೋಓಮ್ ಒಪ್ಪಿತು. ಅಲ್ಲಿ ಕೆಲಸ ಮಾಡುವವರಿಗೆ ಬೆಳಕು ಬೇಕು. ಮಲಗುವ ಕೋಣೆಗೆ 4.7 ಸರಿಹೋಯಿತು. ದೇವರ ಮನೆಗೆ ಮೇಣದಬತ್ತಿಯಂತೆ ತಾನಾಗಿ ಮಿನುಗುವ ಎಲ್ಇಡಿಯೊಂದನ್ನು ಇಟ್ಟೆವು.

ಆದರೆ ಕೋಣೆಯ ಬೆಳಕು ಸರಿಯಿದ್ದಾಗಲೂ ಎಲ್ಇಡಿಯ ತುದಿ ನೇರವಾಗಿ ಕಂಡರೆ ಕಣ್ಣಿಗೆ ಚುಚ್ಚುತ್ತದೆ, ಏಕೆಂದರೆ ಅದರ ಗುಮ್ಮಟದಂಥ ತಲೆ ಬೆಳಕನ್ನೆಲ್ಲ ಕಿರಿದಾದ ಕೋಲಾಗಿ ಮುಂದಕ್ಕೆ ತಳ್ಳುತ್ತದೆ. ಪಾಲಿಶ್ ಪೇಪರಿನ ಮೇಲೆ ತಲೆಯನ್ನು ಉಜ್ಜಿ ಚಪ್ಪಟೆ ಮಾಡಿದರೆ ಮೇಲ್ಮೈ ಹಾಲಿನ ಬಣ್ಣಕ್ಕೆ ತಿರುಗಿ, ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಮುಂಭಾಗ ತೆರೆದಿರುವ ಮನೆಯಾದ್ದರಿಂದ ನೋಡುವವರ ಕಣ್ಣು ಸದಾ ಎದುರಿಗಿರುತ್ತದೆ. ಸೂರಿನ ಮುಂದಿನ ಅಂಚಿಗೆ ಅರ್ಧ ಇಂಚಿನ ತೊಲೆಯೊಂದನ್ನು ಅಂಟಿಸಿ, ದೀಪವನ್ನು ಅದರ ಹಿಂದೆ ಅಡಗಿಸಿದೆ.

ಬೆಸುಗೆಯ ಭಾಗ ನನಗೆ ಅತ್ಯಂತ ಪ್ರಿಯವಾದದ್ದು. ತಾಮ್ರದ ಟೇಪಿನ ಎರಡು ಪಟ್ಟಿಗಳು, ಒಂದು ಧನ ಇನ್ನೊಂದು ಋಣ, ಗೋಡೆಯ ಮೇಲೆ ಸಮಾನಾಂತರವಾಗಿ ಏರಿ ಮೇಲಂತಸ್ತಿಗೆ ಹೋಗುತ್ತವೆ. ಮೂಲೆಯಲ್ಲಿ ಟೇಪನ್ನು ಕತ್ತರಿಸದೆ ಮಡಚಿಯೇ ತಿರುಗಿಸಬೇಕು, ಏಕೆಂದರೆ ಬಹಳಷ್ಟು ಟೇಪುಗಳ ಅಂಟು ಕರೆಂಟನ್ನು ಹರಿಯಗೊಡುವುದಿಲ್ಲ. ಕತ್ತರಿಸಲೇಬೇಕಾದಲ್ಲಿ ಎರಡು ತುಂಡುಗಳ ನಡುವೆ ಬೆಸುಗೆ ಬೇಕು. ಸೋಲ್ಡರಿಂಗ್ ಐರನ್ನಿನ ತುದಿಯನ್ನು ತಾಮ್ರದ ಮೇಲೆ ಎರಡು ಕ್ಷಣ ಒತ್ತಿ ಹಿಡಿದು ಬೆಸುಗೆಯ ತಂತಿಯನ್ನು ಸೋಕಿಸಿದಾಗ ಅದು ಮೊದಲು ಮಣಿಯಾಗಿ ಉರುಳುತ್ತದೆ, ತಾಮ್ರ ಸಾಕಷ್ಟು ಕಾದ ಕೂಡಲೇ ಮಣಿ ಒಡೆದು ಕನ್ನಡಿಯ ಹೊಳಪಿನಲ್ಲಿ ಮಟ್ಟಸವಾಗಿ ಹರಡಿಕೊಳ್ಳುತ್ತದೆ. ಆ ಕ್ಷಣದಲ್ಲೇ ಕೈ ತೆಗೆಯಬೇಕು, ಇಲ್ಲದಿದ್ದರೆ ಕೆಳಗಿನ ಅಂಟು ಸುಟ್ಟು ಟೇಪು ಮೇಲೇಳುತ್ತದೆ. ಮುಂಬಯಿಯ ಮಳೆಗಾಲದ ತೇವಕ್ಕೆ ತಾಮ್ರ ಬೇಗ ಕಪ್ಪಾಗುವುದರಿಂದ, ಪ್ರತಿಯೊಂದು ಕೂಡುವಿಕೆಯನ್ನೂ ರಾಯರು ಮಲ್ಟಿಮೀಟರಿನ ಬೀಪ್ ಸದ್ದಿನಿಂದ ಪರೀಕ್ಷಿಸಿದ ಮೇಲೆಯೇ ಗೋಡೆಗೆ ಕಾಗದ ಅಂಟಿಸಲು ಒಪ್ಪಿದರು. ದೀಪಕ್ಕೊಂದು ರೆಸಿಸ್ಟರು ಇರಲೇಬೇಕೆಂಬುದೂ ಅವರದೇ ಪಟ್ಟು. ಮೂರು ದೀಪಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿದರೆ ರೆಸಿಸ್ಟರು ಉಳಿಯುತ್ತದೆ, ಆದರೆ ಒಂದು ಕೆಟ್ಟರೆ ಮೂರೂ ಆರುತ್ತವೆ.

ಬ್ರಿಟನ್ನಿನ ರಾಣಿ ಮೇರಿಗಾಗಿ 1921ರಿಂದ 1924ರ ನಡುವೆ, ನವದೆಹಲಿಯ ರಾಷ್ಟ್ರಪತಿ ಭವನದ ವಾಸ್ತುಶಿಲ್ಪಿ ಎಡ್ವಿನ್ ಲಟ್ಯೆನ್ಸ್ ವಿನ್ಯಾಸ ಮಾಡಿದ ಗೊಂಬೆಮನೆಯೂ ಒಂದಡಿಗೆ ಒಂದಿಂಚಿನ ಅಳತೆಯದ್ದೇ. ಇಂದಿಗೂ ವಿಂಡ್ಸರ್ ಅರಮನೆಯಲ್ಲಿರುವ ಅದರಲ್ಲಿ ವಿದ್ಯುದ್ದೀಪಗಳಿವೆ, ನಲ್ಲಿಗಳಲ್ಲಿ ನೀರೂ ಬರುವಂತೆ ಮಾಡಲಾಗಿತ್ತು. ಎಲ್ಇಡಿ ಎಂಬುದೇ ಇಲ್ಲದ ಕಾಲದಲ್ಲಿ ಬಿಸಿಯಾಗುವ ತಂತಿಯೆಳೆಯ ಬಲ್ಬುಗಳನ್ನು ಅಷ್ಟು ಚಿಕ್ಕದಾಗಿ ಮಾಡಿ ಉರಿಸಿದವರ ಕೈಗೆ ನಾನು ಮನಸಾರೆ ನಮಿಸುತ್ತೇನೆ.

ಅಣ್ಣನ ಮಗಳು ನಮ್ಮಲ್ಲಿಗೆ ಬಂದು ಎಲ್ಲವನ್ನೂ ಹೊತ್ತಿಸಿ ಆರಿಸಿ ನೋಡಿದ ಮೇಲೆ ಕೇಳಿದ್ದು ಒಂದೇ: "ಅತ್ತೆ, ಮೆಟ್ಟಿಲಿನ ದೀಪ ಮೇಲೆ ಹೋದ ಮೇಲೂ ಆರಿಸಲಿಕ್ಕೆ ಬರಬೇಕಲ್ಲ?" ರಾಯರು ಆ ಪ್ರಶ್ನೆಗೆ ಬಹಳ ಮೆಚ್ಚಿದರು. ಮೂರು ಕಾಲಿನ ಎರಡು ಸ್ಲೈಡ್ ಸ್ವಿಚ್ಚುಗಳನ್ನು ಪಕ್ಕದ ಗೋಡೆಯ ಹೊರಮೈಯಲ್ಲಿ ಕೆಳಗೊಂದು ಮೇಲೊಂದು ಕೂರಿಸಿ, ಅವುಗಳ ಹೊರಕಾಲುಗಳನ್ನು ಎರಡು ತಂತಿಗಳಿಂದ ಪರಸ್ಪರ ಜೋಡಿಸಿ, ಒಂದರ ನಡುಗಾಲಿಗೆ ಕರೆಂಟು, ಇನ್ನೊಂದರ ನಡುಗಾಲಿಗೆ ದೀಪವನ್ನು ಕೊಟ್ಟರೆ ನಮ್ಮ ನಿಜವಾದ ಮನೆಗಳ ಮೆಟ್ಟಿಲಿನ ಟೂ ವೇ ವೈರಿಂಗೇ ಆಗುತ್ತದೆ. ಹಿಂಬದಿಯ ಹಲಗೆಯನ್ನು ಅಂಟಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದೆವಾದ್ದರಿಂದ, ಆ ಕೆಲಸವನ್ನು ಅವಳು ನೋಡುತ್ತಿದ್ದಂತೆಯೇ, ಅವಳ ಕೈಯಲ್ಲೇ ತಂತಿ ಹಿಡಿಸಿಕೊಂಡು ಮುಗಿಸಿದೆವು.