ಹಿಂದಿನ ವೈಪರ್ ಜಾಮ್ ಆಗಿತ್ತು, ಮೋಟರ್ ಹೋಗಿರಲಿಲ್ಲ

ನಮ್ಮದು 2009ರ ಮಾಡೆಲ್ ಕಾರು. ಕೆಎ 32 ನಂಬರಿನ ಹ್ಯಾಚ್‌ಬ್ಯಾಕ್. ದೀಪಾವಳಿ ಮುಗಿದರೆ ಮಿರಗದ ಮಳೆ ಬರುವವರೆಗೆ ಕಲಬುರಗಿಯಲ್ಲಿ ಹಿಂದಿನ ವೈಪರ್‌ಗೆ ಹೆಚ್ಚು ಕೆಲಸವಿಲ್ಲ. ಧೂಳು ಮಾತ್ರ ತಪ್ಪದೆ ಕೂರುತ್ತದೆ. ಈ ಸಲ ಮೊದಲ ಮಳೆಗೆ ಸೇಡಂ ರೋಡಿನಲ್ಲಿ ಸ್ವಿಚ್ ಒತ್ತಿದೆ. ಗುಂಯ್ ಅಂತ ಸದ್ದು ಬಂತು, ವೈಪರ್ ಅಲುಗಲಿಲ್ಲ. ಗಾಜಿನ ತುಂಬಾ ಕೆಸರು. ಇಂಥ ಕಾರಿನ ಹಿಂಬದಿ ಚಪ್ಪಟೆ, ಓಡುವಾಗ ಗಾಳಿ ಅಲ್ಲೇ ಸುಳಿ ತಿರುಗಿ ಚಕ್ರದ ಕೆಸರನ್ನೆಲ್ಲ ತಂದು ಬಳಿಯುತ್ತದೆ.

ಗ್ಯಾರೇಜಿನವರು ಡಿಕ್ಕಿ ಬಾಗಿಲನ್ನೂ ಎತ್ತಲಿಲ್ಲ. "ಮೋಟರ್ ಹೋಗ್ಯದ್ರೀ ಸರ. ಹೊಸಾದು ಹಾಕ್ಸಿಬಿಡ್ರಿ" ಅಂದರು. ಸತ್ತ ಮೋಟರ್ ಗುಂಯ್ ಅನ್ನುತ್ತದಾ? ಸದ್ದು ಬಂತು ಅಂದರೆ ಫ್ಯೂಸ್ ಸರಿ ಇದೆ, ಕರೆಂಟೂ ಬರ್ತಿದೆ. ಸದ್ದೇ ಇಲ್ಲದಿದ್ದರೆ ಮಾತು ಬೇರೆ. ಆಗ ಫ್ಯೂಸ್ ನೋಡಬೇಕು, ಆಮೇಲೆ ಡಿಕ್ಕಿ ಬಾಗಿಲಿಗೆ ಹೋಗುವ ರಬ್ಬರ್ ಪೈಪಿನೊಳಗಿನ ವೈರು. ಬಾಗಿಲು ತೆಗೆದು ಹಾಕಿ ಹಳೇ ಕಾರುಗಳಲ್ಲಿ ಅದು ಅಲ್ಲೇ ತುಂಡಾಗುತ್ತದೆ.

ವಾಡಿ ಕಡೆ ಫಿಟ್ಟರ್ ಆಗಿದ್ದ ನಮ್ಮ ಸೋದರಮಾವನಿಗೆ ಫೋನ್ ಮಾಡಿದೆ. "ಸ್ವಿಚ್ ಒತ್ತಿ ಹಿಡೀಬ್ಯಾಡೋ, ಈಗ ಖರೇನೇ ಸುಡ್ತದ" ಅಂದ. ಭಾನುವಾರ ಪಾನಾ ಹಿಡಿದುಕೊಂಡು ಬಂದೇಬಿಟ್ಟ.

ವೈಪರ್ ಬುಡದ ಮುಚ್ಚಳ ಎಬ್ಬಿಸಿ ಹತ್ತನೇ ನಂಬರಿನ ನಟ್ಟು ಬಿಚ್ಚಿದೆವು. ವೈಪರಿನ ತೋಳು ಶಾಫ್ಟಿಗೆ, ಅಂದರೆ ಅದನ್ನು ತಿರುಗಿಸುವ ಮೋಟರಿನ ಕಡ್ಡಿಗೆ, ಕಚ್ಚಿಕೊಂಡಿತ್ತು. ಗಾಜಿಗೆ ಸ್ಕ್ರೂಡ್ರೈವರ್ ಆನಿಸಿ ಮೀಟಿದರೆ ಗಾಜೇ ಹೋಗುತ್ತದೆ, ಅದಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಆ ಕಡೆ ಈ ಕಡೆ ಅಲ್ಲಾಡಿಸಿ ಕಿತ್ತೆವು. ಒಳಗಿನ ಪ್ಯಾನೆಲ್ ತೆಗೆಯುವಾಗ ಕ್ಲಿಪ್ಪುಗಳು ಹಪ್ಪಳದಂತೆ ಮುರಿದವು. ನಮ್ಮೂರ ಬಿಸಿಲಿಗೆ ಪ್ಲಾಸ್ಟಿಕ್ ಇನ್ನೇನಾಗಬೇಕು?

ಮೋಟರ್ ಕೈಗೆ ಬಂದ ಮೇಲೆ ವಿಷಯ ಗೊತ್ತಾಯಿತು. ಶಾಫ್ಟಿನ ಸುತ್ತ ನೀರು ತಡೆಯುವ ರಬ್ಬರ್ ರಿಂಗ್ ಒಡೆದಿತ್ತು. ಅಲ್ಲಿಂದ ನೀರು, ಧೂಳು ಎರಡೂ ಒಳಗೆ ಇಳಿದಿವೆ. ಶಾಫ್ಟ್ ಉಕ್ಕಿನದು, ಅದು ಕೂರುವ ಮನೆ ಅಲ್ಯೂಮಿನಿಯಂ. ನಡುವೆ ಸುಣ್ಣದ ಹಾಗೆ ಬಿಳಿ ಪುಡಿ ಕಟ್ಟಿತ್ತು, ಅದರ ಕೆಳಗೆ ಗ್ರೀಸ್ ಕಲ್ಲಾಗಿತ್ತು. ಗೇರಿನ ಮುಚ್ಚಳ ತೆಗೆದು, ಲಾಕ್ ಬಿಡಿಸಿ, ಮರದ ತುಂಡು ಇಟ್ಟು ಮೆಲ್ಲಗೆ ಬಡಿದೆವು. ಬಡಿದಷ್ಟೂ ಕೂದಲೆಳೆಯಷ್ಟೇ ಸರಿಯುತ್ತಿತ್ತು. ಮಾವನ ತಾಳ್ಮೆ ದೊಡ್ಡದು, ನನ್ನದಾಗಿದ್ದರೆ ಸುತ್ತಿಗೆ ಜೋರಾಗಿ ಬೀಳುತ್ತಿತ್ತು.

ಆಮೇಲಿನದು ಸುಲಭ. ಸೀಮೆಎಣ್ಣೆಯಲ್ಲಿ ತೊಳೆದು, ಪಾಲಿಶ್ ಪೇಪರ್ ಉಜ್ಜಿ, ಹೊಸ ಗ್ರೀಸ್ ಹಚ್ಚಿದೆವು. ರಬ್ಬರ್ ರಿಂಗ್ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ಎರಡು ಚಹಾದ ದುಡ್ಡಿಗೆ ಸಿಕ್ಕಿತು. ತೋಳು ಹಾಕುವ ಮೊದಲು ಬರೀ ಮೋಟರ್ ಓಡಿಸಿ ಸ್ವಿಚ್ ಆಫ್ ಮಾಡಬೇಕು. ಅದು ತನ್ನ ಜಾಗಕ್ಕೆ ಬಂದು ನಿಂತ ಮೇಲೆ ತೋಳು ಕೂರಿಸಬೇಕು. ಇಲ್ಲದಿದ್ದರೆ ವೈಪರ್ ಗಾಜಿನ ನಡುವೆಯೇ ನಿಲ್ಲುತ್ತದೆ.

ಈಗ ವೈಪರ್ ಚೆನ್ನಾಗಿ ಓಡುತ್ತದೆ. ಆದರೆ ಬ್ಲೇಡಿನ ರಬ್ಬರ್ ಬಿಸಿಲಿಗೆ ಗಟ್ಟಿಯಾಗಿದೆ, ಒರೆಸಿದ ಕಡೆಯೆಲ್ಲ ಗೆರೆ. ಈ ಮಾಡೆಲ್ಲಿನ ಹಿಂದಿನ ಬ್ಲೇಡ್ ಅಂಗಡಿಯಲ್ಲಿ ಇರಲಿಲ್ಲ, ತರಿಸ್ತೀನಿ ಅಂದಿದ್ದಾರೆ. ಮಾವ ಆಗಲೇ ಮುಂದಿನ ವೈಪರ್ ಕಡೆ ನೋಡುತ್ತಿದ್ದ.